ಕುಕ್ಕರಹಳ್ಳಿ ಏರಿಯಿಂದ ಕೋಲಾರದ ತೂಬಿನವರೆಗೆ

ಬೆಳಗಿನ ಆರು ಗಂಟೆಗೆ ಹಾಸ್ಟೆಲಿನ ಗೇಟು ತೆರೆಯುತ್ತಿದ್ದಂತೆ ಟಿಪ್ಪಣಿ ಪುಸ್ತಕ, ಹಳೆಯದೊಂದು ಬೈನಾಕ್ಯುಲರ್ ಹಿಡಿದು ಕುಕ್ಕರಹಳ್ಳಿ ಕೆರೆಯ ಕಡೆಗೆ ಹೊರಡುವುದು ನನ್ನ ದಿನದ ಮೊದಲ ಕೆಲಸ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಸಂಶೋಧನೆಗೆಂದು ಸೇರಿ ಮೂರು ವರ್ಷವಾಯಿತು. ಊರಿಗೆ ಹೋದ ದಿನಗಳನ್ನೂ ಜ್ವರ ಬಂದು ಮಲಗಿದ ದಿನಗಳನ್ನೂ ಬಿಟ್ಟರೆ ಈ ನಡಿಗೆ ತಪ್ಪಿದ್ದಿಲ್ಲ. ಕೆರೆ ಶಾಸನಗಳ ಮೇಲೆ ಪ್ರಬಂಧ ಬರೆಯುತ್ತಿರುವ ನನಗೆ ಕೆರೆಯ ಏರಿಯ ಮೇಲೆಯೇ ದಿನ ಶುರುವಾಗುವುದು ಒಂದು ಭಾಗ್ಯವೆಂದೇ ತೋರುತ್ತದೆ.

ಈ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಅಂದಿನ ಮೈಸೂರಿನ ಹೊರಗಿದ್ದ ಜಮೀನುಗಳಿಗೆ ನೀರುಣಿಸಲೆಂದು ಕಟ್ಟಿಸಿದರು. ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಕುವೆಂಪು ಅವರು ಮಾನಸಗಂಗೋತ್ರಿ ಎಂದು ಹೆಸರಿಟ್ಟ ಈ ಆವರಣ ರೂಪುಗೊಂಡದ್ದು 1960ರಲ್ಲಿ. ಎಂದರೆ ನಾವು ಓದುವ ಕಟ್ಟಡಗಳಿಗಿಂತ ಕೆರೆ ಸುಮಾರು ನೂರು ವರ್ಷ ಹಿರಿಯದು. ಅದರ ನೀರು ಕುಡಿದು ಬೆಳೆಯುತ್ತಿದ್ದ ಗದ್ದೆಗಳಿದ್ದ ಕಡೆ ಈಗ ಬಡಾವಣೆಗಳಿವೆ. ಬೆಳಗ್ಗೆ ಏರಿಯ ಮೇಲೆ ನಡೆಯುವ ಬಹುಪಾಲು ಜನರಿಗೆ ಇದು ಗಾಳಿ ಸೇವನೆಯ ತಾಣ. ನನ್ನ ಕಣ್ಣು ಮಾತ್ರ ಅಭ್ಯಾಸಬಲದಿಂದ ನೀರು ಬಿಡುವ ತೂಬು ಎಲ್ಲಿದೆ, ಹೆಚ್ಚಾದ ನೀರು ಹರಿದುಹೋಗುವ ಕೋಡಿ ಯಾವ ಕಡೆಗಿದೆ, ನೀರು ಯಾವ ಗುರುತಿನವರೆಗೆ ಏರಿದೆ ಎಂಬುದನ್ನು ಹುಡುಕುತ್ತದೆ.

ಹಕ್ಕಿ ನೋಡುವ ಹವ್ಯಾಸ ಅಂಟಿದ್ದೂ ಇಲ್ಲಿಯೇ. ಮೊದಲ ವರ್ಷ ನೀರುಕಾಗೆಗೂ ಹಾವಕ್ಕಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮೈಯೆಲ್ಲ ನೀರೊಳಗಿಟ್ಟು ಕತ್ತನ್ನಷ್ಟೇ ಹಾವಿನಂತೆ ಮೇಲೆತ್ತಿ ಈಜುವುದು ಹಾವಕ್ಕಿ ಎಂದು ನಡಿಗೆಗೆ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ತೋರಿಸಿಕೊಟ್ಟರು. ಹೆಜ್ಜಾರ್ಲೆಗಳು, ಎಂದರೆ ಪೆಲಿಕನ್‌ಗಳು, ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವ ತಿಂಗಳುಗಳಲ್ಲಿ ನನ್ನ ನಡಿಗೆ ಅರ್ಧ ಗಂಟೆಯಾದರೂ ಹೆಚ್ಚಾಗುತ್ತದೆ. ಅಷ್ಟು ಭಾರದ ಹಕ್ಕಿ ತೆಳುವಾದ ಕೊಂಬೆಯ ಮೇಲೆ ಇಳಿದು, ಕೊಂಬೆ ತೂಗುವುದು ನಿಲ್ಲುವವರೆಗೆ ರೆಕ್ಕೆ ಬಿಚ್ಚಿಕೊಂಡೇ ನಿಂತು, ಆಮೇಲೆ ನಿಧಾನವಾಗಿ ಮಡಚಿಕೊಳ್ಳುವುದನ್ನು ನೋಡುತ್ತ ನಿಂತರೆ ಕ್ಯಾಂಟೀನಿನ ಇಡ್ಲಿ ಮುಗಿದುಹೋಗುವ ಭಯವೂ ಮರೆತುಹೋಗುತ್ತದೆ.

ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಿದವರಿಗೆಲ್ಲ ನಾನು ನಮ್ಮ ತಾತನ ಹೆಸರು ಹೇಳುತ್ತೇನೆ. ನಮ್ಮದು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ಒಂದು ಸಣ್ಣ ಹಳ್ಳಿ. ತಾತ ಅಲ್ಲಿಯ ನೀರಗಂಟಿ. ಕೆರೆಯ ತೂಬನ್ನು ಎತ್ತುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಸರದಿಯನ್ನು ನಡೆಸುವುದು, ಜೋರು ಮಳೆಯ ರಾತ್ರಿ ಕಂಬಳಿ ಹೊದ್ದು ಏರಿಯ ಮೇಲೆ ಕಾವಲಿರುವುದು ಅವರ ಕೆಲಸ. ಕೂಲಿ ದುಡ್ಡಿನಲ್ಲಿ ಬರುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಪ್ರತಿ ಮನೆಯವರೂ ಇಷ್ಟೆಂದು ಅಳೆದು ಕೊಡುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಕೊಳವೆಬಾವಿಗಳು ಬಂದು, ಕೆರೆಯಲ್ಲಿ ಜಾಲಿ ಬೆಳೆದು, ತಾತನಿಗೆ ಎತ್ತಲು ತೂಬೂ ಇರಲಿಲ್ಲ, ಹಂಚಲು ನೀರೂ ಇರಲಿಲ್ಲ. ಆದರೂ ಮೋಡ ಕವಿದ ಸಂಜೆ ಅವರು ಒಂದು ಸುತ್ತು ಏರಿಯ ಮೇಲೆ ಹೋಗಿಬಂದೇ ಊಟಕ್ಕೆ ಕೂರುತ್ತಿದ್ದರು.

ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಶಾಸನಗಳ ಸಂಕಲನವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವನ್ನು ಮೊದಲ ಬಾರಿ ತೆರೆದ ದಿನ ನನಗೆ ಚೆನ್ನಾಗಿ ನೆನಪಿದೆ. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ.ಎಲ್. ರೈಸ್ ಅವರು ಹಳ್ಳಿ ಹಳ್ಳಿಯ ಕಲ್ಲುಗಳನ್ನು ಓದಿಸಿ 1886ರಿಂದ ಒಂದೊಂದಾಗಿ ಹೊರತಂದ ಸಂಪುಟಗಳಲ್ಲಿ ಕೋಲಾರ ಜಿಲ್ಲೆಯದು ಹತ್ತನೆಯದು. ತಾಲ್ಲೂಕಿನ ಹೆಸರು, ಪಕ್ಕದಲ್ಲೊಂದು ಸಂಖ್ಯೆ, ಕೆಳಗೆ ಶಾಸನದ ಪಾಠ, ಇಷ್ಟೇ. ಆ ಒಣ ಪಟ್ಟಿಯಲ್ಲಿ ನಾನು ಬಸ್ಸಿನಲ್ಲಿ ದಾಟಿಹೋಗುವ ಊರುಗಳ ಹೆಸರುಗಳು ಒಂದರ ಹಿಂದೊಂದು ಬರುತ್ತಿದ್ದವು. ಗಂಗರು, ಬಾಣರು, ನೊಳಂಬರು, ಚೋಳರು, ಆಮೇಲೆ ವಿಜಯನಗರದವರು, ಎಲ್ಲರ ಕಾಲದಲ್ಲಿಯೂ ಆ ಒಣನೆಲದಲ್ಲಿ ಯಾರೋ ಕೆರೆ ಕಟ್ಟಿಸುತ್ತಿದ್ದರು, ಒಡೆದ ಏರಿಯನ್ನು ಸರಿಪಡಿಸುತ್ತಿದ್ದರು, ತೂಬು ಇಡಿಸುತ್ತಿದ್ದರು. ಅಂದು ಸಂಜೆ ಗ್ರಂಥಾಲಯ ಮುಚ್ಚುವವರೆಗೂ ನಾನು ಅಲ್ಲಿಂದ ಏಳಲಿಲ್ಲ.

ಕೆರೆ ಶಾಸನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವುಗಳ ಪದಗಳು. ಕೆರೆ ಕಟ್ಟಿಸಿದವನಿಗೋ ಜೀರ್ಣೋದ್ಧಾರ ಮಾಡಿಸಿದವನಿಗೋ ಅದರ ನೀರು ಹರಿಯುವ ಅಚ್ಚುಕಟ್ಟಿನಲ್ಲಿ ಬಿಟ್ಟುಕೊಡುವ ಭೂಮಿಗೆ ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಹೆಸರಿದೆ. ಮುಂದಿನ ಕಾಲದಲ್ಲಿ ಕಟ್ಟುಗೊಡಗೆ ಎಂಬ ಮಾತು ಬರುತ್ತದೆ. ಭೂಮಿಯ ಅಳತೆಯನ್ನು ಅಲ್ಲಿ ಬಿತ್ತುವ ಬೀಜದಿಂದ ಹೇಳುತ್ತಿದ್ದರು: ಇಷ್ಟು ಕೊಳಗ, ಇಷ್ಟು ಖಂಡುಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೆರೆ ಎಂಬ ಪದವೇ ಹಳಗನ್ನಡದಲ್ಲಿ ಕೆಱೆ. ಈಗ ನಮ್ಮ ವರ್ಣಮಾಲೆಯಲ್ಲಿ ಇಲ್ಲದ ಆ ‘ಱ’, ಎಂದರೆ ಶಕಟರೇಫ, ಬಂಡಿಯ ಗಾಲಿಯಂತೆ ದುಂಡಗೆ, ಕಲ್ಲಿನ ಮೇಲೆ ಕಂಡಾಗಲೆಲ್ಲ ನನಗೆ ಹಳೆಯ ನೆಂಟರನ್ನು ಕಂಡಷ್ಟು ಸಂತೋಷವಾಗುತ್ತದೆ. ಅದರ ಜಾಗದಲ್ಲಿ ಸಾದಾ ರಕಾರವಿದ್ದರೆ ಬರೆದವನ ನಾಲಿಗೆಯಲ್ಲಿ ಎರಡರ ಭೇದ ಅಳಿಸಿಹೋಗಿರಬೇಕು. ಹೀಗೆ ಒಂದು ಅಕ್ಷರವೂ ಶಾಸನದ ಕಾಲ ಹೇಳಲು ಅಷ್ಟಿಷ್ಟು ಸಾಕ್ಷಿಯಾಗುತ್ತದೆ.

ಕೆರೆಯ ಮಾತು ಬಂದ ಸಭೆಗಳಲ್ಲಿ ಸಾಮಾನ್ಯವಾಗಿ ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನವನ್ನು ನೆನೆಯುತ್ತಾರೆ. ಹಾಲೂಡಿಸುವಾಗಲೇ ತಾಯಿ ಅವನ ಕಿವಿಯಲ್ಲಿ ‘ಕೆರೆಯಂ ಕಟ್ಟಿಸು’ ಎಂದು ಹೇಳಿದಳೆಂಬ ಆ ಪದ್ಯ ನಿಜಕ್ಕೂ ಸುಂದರವಾದದ್ದು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಸಂಸ್ಕೃತ ಶಾಸನವೊಂದಿದೆ. ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯದು. ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸಿ ಹೇಳಿ, ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದವೆಂದು ಅದು ದಾಖಲಿಸುತ್ತದೆ. ನನ್ನ ಮನಸ್ಸು ಮಾತ್ರ ಇವುಗಳಿಗಿಂತ ಹೆಚ್ಚಾಗಿ ಏರಿಯ ಮೇಲೆ ಮುಳ್ಳುಕಂಟಿಯ ನಡುವೆ ಹೂತಿರುವ ನಾಲ್ಕೈದು ಸಾಲಿನ ಕಲ್ಲುಗಳ ಕಡೆಗೇ ಹೋಗುತ್ತದೆ. ಅವುಗಳಲ್ಲಿ ಕಾವ್ಯವಿಲ್ಲ. ಇಂಥವನು ಕೆರೆ ಕಟ್ಟಿಸಿದ, ಇಷ್ಟು ಬಿತ್ತುವಟ್ಟ, ಇದನ್ನು ಅಳಿದವನು ವಾರಣಾಸಿಯನ್ನೂ ಸಾವಿರ ಕವಿಲೆ ಹಸುಗಳನ್ನೂ ಕೆರೆಯನ್ನೂ ತೋಪನ್ನೂ ಅಳಿದ ಪಾತಕನಾಗುವನು, ಇಷ್ಟೇ ಮಾತು. ಕಾಶಿಯನ್ನು ಹಾಳುಮಾಡಿದ ಪಾಪದ ಪಕ್ಕದಲ್ಲಿಯೇ ಕೆರೆ ಒಡೆದ ಪಾಪವನ್ನು ನಿಲ್ಲಿಸಿದ ಆ ಜನರ ತಿಳಿವಳಿಕೆಯ ಮುಂದೆ ನಾನು ತಲೆಬಾಗುತ್ತೇನೆ.

ಕಳೆದ ಬೇಸಿಗೆಯಲ್ಲಿ ಗೆಳತಿಯೊಬ್ಬಳೊಂದಿಗೆ ಅಂಥದೊಂದು ಕಲ್ಲಿನ ಪಡಿಯಚ್ಚು ತೆಗೆಯಲು ಹೋಗಿದ್ದೆ. ಮೊದಲು ನಾರಿನ ಬ್ರಶ್ಶಿನಿಂದ ಪಾಚಿ, ಮಣ್ಣು ಹೋಗುವಂತೆ ಕಲ್ಲನ್ನು ತೊಳೆದು, ನೀರಿನಲ್ಲಿ ನೆನೆದ ಕಾಗದವನ್ನು ಮೇಲೆ ಹೊದಿಸಿ, ಒಳಗೆ ಗಾಳಿ ಉಳಿಯದಂತೆ ನಡುವಿನಿಂದ ಅಂಚಿನ ಕಡೆಗೆ ಬ್ರಶ್ಶಿನಿಂದ ಬಡಿಯುತ್ತ ಬರಬೇಕು. ಕಾಗದವು ಅಕ್ಷರಗಳ ಗುಳಿಯೊಳಗೆ ಇಳಿಯುತ್ತದೆ. ಅದು ಅರೆಬರೆ ಆರಿದಾಗ ಮಸಿಯದ್ದಿದ ಬಟ್ಟೆಯ ಉಂಡೆಯಿಂದ ಮೆಲ್ಲಗೆ ಒತ್ತಿದರೆ ಉಬ್ಬಿದ ಭಾಗಕ್ಕೆಲ್ಲ ಕಪ್ಪು ಹತ್ತಿ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಅಂದು ಗಾಳಿ ಬಿಡಲಿಲ್ಲ. ಎರಡು ಹಾಳೆ ಹರಿದವು. ಮೂರನೆಯದು ನಿಂತಿತು. ಅಚ್ಚುಪುಸ್ತಕದಲ್ಲಿ ಬರೀ ಚುಕ್ಕಿಗಳಿದ್ದ ಜಾಗವೊಂದರ ಮೇಲೆ ನನ್ನ ಕಣ್ಣಿತ್ತು. ಕತ್ತಲಾಗುವವರೆಗೆ ಕಾದು, ಟಾರ್ಚನ್ನು ಕಲ್ಲಿಗೆ ಓರೆಯಾಗಿ ಹಿಡಿದಾಗ ಗೀರಿನೊಳಗೆ ನೆರಳು ನಿಂತು ಮೂರು ಅಕ್ಷರಗಳು ಎದ್ದುಬಂದವು. ನಡುವಿನದು ಶಕಟರೇಫ. ಮೂರೇ ಅಕ್ಷರವಾದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಗ್ಗೆ ಅದೇ ಏರಿಯ ಮೇಲೆ ಕುರಿ ಹೊಡೆದುಕೊಂಡು ಬಂದ ಮುದುಕರೊಬ್ಬರು “ಯಾರ ಮಗಳಮ್ಮಾ ನೀನು, ಯಾವೂರು?” ಎಂದು ಕೇಳಿದರು. ಊರಿನ ಹೆಸರು ಹೇಳಿ, ನೀರಗಂಟಿಯ ಮೊಮ್ಮಗಳು ಎಂದೆ. “ಹಂಗಾದ್ರೆ ಬಾ” ಎಂದವರೇ ಕುರಿಗಳನ್ನು ಬಿಟ್ಟು ನನ್ನನ್ನು ಹಳೆಯ ತೂಬಿನ ಬಳಿಗೆ ಕರೆದೊಯ್ದರು. ಎರಡು ಕಲ್ಲುಕಂಬಗಳು, ಅವುಗಳ ನಡುವೆ ತೂತಿರುವ ಅಡ್ಡಗಲ್ಲುಗಳು. ಆ ತೂತುಗಳಲ್ಲಿ ಇಳಿಬಿಟ್ಟ ಉದ್ದನೆಯ ಮರದ ಗಳುವನ್ನು ಎತ್ತಿ ಇಳಿಸಿ ನೀರು ಬಿಡುತ್ತಿದ್ದರಂತೆ. ಗಳು ಸಿಕ್ಕಿಕೊಂಡಾಗ ಮುಳುಗಿ ಬಿಡಿಸಬೇಕಿತ್ತು. ಹಾಗೆ ಮುಳುಗಿದವರಲ್ಲಿ ಒಬ್ಬರು ಮೇಲೆ ಬರಲೇ ಇಲ್ಲವೆಂದು ಹೇಳಿ, ಅವರ ಹೆಸರನ್ನೂ ಹೇಳಿದರು. ಕೆರೆ ಕಟ್ಟಿಸಿದವನ ಹೆಸರು ಕಲ್ಲಿನ ಮೇಲಿದೆ. ತೂಬಿಗಾಗಿ ಪ್ರಾಣ ಕೊಟ್ಟವನ ಹೆಸರು ಈ ಮುದುಕರ ಬಾಯಲ್ಲಿ ಮಾತ್ರ ಇತ್ತು. ಅಲ್ಲಿಯವರೆಗೆ ಕೇವಲ ಶಾಸನಗಳ ಅಧ್ಯಯನವಾಗಿದ್ದ ನನ್ನ ಪ್ರಬಂಧದಲ್ಲಿ ನೀರಗಂಟಿಗಳ ಮೇಲೊಂದು ಅಧ್ಯಾಯ ಸೇರಿದ್ದು ಆ ದಿನ. “ಬರಿಯಮ್ಮ, ಆದರೆ ಕೇಳಿದ್ದನ್ನು ಕೇಳಿದ ಹಾಗೆಯೇ ಬರಿ” ಎಂದಷ್ಟೇ ನಮ್ಮ ಮಾರ್ಗದರ್ಶಕರು ಹೇಳಿದರು.

ಉಳಿದಂತೆ ನನ್ನ ದಿನಗಳು ಎಲ್ಲ ಸಂಶೋಧನಾ ವಿದ್ಯಾರ್ಥಿಗಳ ದಿನಗಳ ಹಾಗೆಯೇ ಇವೆ. ಹತ್ತರಿಂದ ಗ್ರಂಥಾಲಯ, ಮಧ್ಯಾಹ್ನ ಹಾಸ್ಟೆಲಿನ ಅನ್ನ ಸಾರು, ವಾರಕ್ಕೆರಡು ದಿನ ಎಂ.ಎ. ವಿದ್ಯಾರ್ಥಿಗಳಿಗೆ ಲಿಪಿ ಓದಿಸುವ ಕೆಲಸ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾದ ಒಂದು ವರ್ಷ ಕ್ಷೇತ್ರಕಾರ್ಯವೇ ನಿಂತುಹೋಗಿತ್ತು. ಆಗ ಬಸ್ಸಿನ ಖರ್ಚಿಗೆ ಕೊಟ್ಟವರು ಕೋಣೆಯ ಗೆಳತಿಯರು. ಆ ಋಣ ದೊಡ್ಡದು. ಭಾನುವಾರ ಸಂಜೆ ರಂಗಾಯಣದಲ್ಲಿ ನಾಟಕವಿದ್ದರೆ ಎಲ್ಲರೂ ಒಟ್ಟಿಗೆ ಹೋಗುತ್ತೇವೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನಶಾಸ್ತ್ರ ವಿಭಾಗದ ಕೇಂದ್ರ ಕಚೇರಿ ಮೈಸೂರಿನಲ್ಲಿಯೇ ಇರುವುದರಿಂದ, ಈ ವಿಷಯದಲ್ಲಿ ದುಡಿಯುವವರಿಗೆ ಇದಕ್ಕಿಂತ ಒಳ್ಳೆಯ ಊರು ಇಲ್ಲವೆಂಬುದು ನನ್ನ ನಂಬಿಕೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಸವೆದ ಕಲ್ಲುಗಳಿಗೆ ಅದು ಬಹಳ ಉಪಕಾರಿ. ಕಲಿಯಬೇಕೆಂಬ ಆಸೆ ನನಗಿದೆ. ಆದರೂ ಒದ್ದೆ ಕಾಗದದ ಮೇಲಿಂದ ಅಕ್ಷರವನ್ನು ಬೆರಳಿಗೆ ತಿಳಿಯುವಂತೆ ತಡವುವ ಕೆಲಸವನ್ನು ನಾನು ಬಿಡಲಾರೆ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಕೆರೆಗಳಿಗೆ ಹರಿದು ಬರುತ್ತಿದೆ. ಆ ನೀರಿನ ಗುಣದ ಬಗ್ಗೆ ನಮ್ಮ ಕಡೆಯವರಲ್ಲಿ ಆತಂಕವೂ ಇದೆ, ತುಂಬಿದ ಕೆರೆ ನೋಡಿದ ಸಂತೋಷವೂ ಇದೆ. ನಾನು ಊರಿಗೆ ಹೋದಾಗ ಅಪ್ಪನ ಜೊತೆ ಪಕ್ಕದೂರಿನ ಕೆರೆಗೆ ಹೋಗಿದ್ದೆ. ನೀರು ತುಂಬಿ ನಿಂತಿತ್ತು, ತೂಬಿನ ಕಂಬಗಳ ತಲೆ ಮಾತ್ರ ಮೇಲೆ ಕಾಣುತ್ತಿತ್ತು, ಒಂದು ಕಂಬದ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತ ಕುಳಿತಿತ್ತು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಿಮ್ಮ ತಾತ ಇದ್ದಿದ್ರೆ ಈಗ ತೂಬಿನ ಹತ್ರ ಇಳೀತಿದ್ರು” ಎಂದರು. ಆ ವಾಕ್ಯವನ್ನೂ ದಿನಾಂಕವನ್ನೂ ಅಂದು ರಾತ್ರಿ ಕ್ಷೇತ್ರಕಾರ್ಯದ ಪುಸ್ತಕದಲ್ಲಿ ಬರೆದುಕೊಂಡೆ.