ಗಡಿ ದಾಟಿ ಬಂದ ನಾಲ್ಕು ಬಾಲ

ನಾನು ಪಶುವೈದ್ಯೆಯಾಗಿ ಕೆಲಸ ಮಾಡೋ ಇಂಗ್ಲೆಂಡಿನ ಕಾರ್ಲೈಲ್‌ನಿಂದ ಸ್ಕಾಟ್ಲೆಂಡ್ ಗಡಿಗೆ ಹತ್ತು ಮೈಲಿ. ಚೆಕ್‌ಪೋಸ್ಟ್ ಇಲ್ಲ, ರಸ್ತೆ ಬದಿಗೆ ಒಂದು ಬೋರ್ಡ್ ಅಷ್ಟೇ. ಆದರೆ ನಾಯಿಮರಿಯ ಬಾಲಕ್ಕೆ ಆ ಬೋರ್ಡಿನ ಆಚೆ ಒಂದು ಕಾನೂನು, ಈಚೆ ಇನ್ನೊಂದು.

ಬೆಂಗಳೂರಲ್ಲಿದ್ದಾಗ ಡಾಬರ್‌ಮನ್ ಮರಿ ತಂದವರು ಕೂರುವ ಮೊದಲೇ "ಬಾಲ ಕಟ್ ಮಾಡ್ಬಿಡಿ ಡಾಕ್ಟ್ರೇ, ಲುಕ್ ಬರುತ್ತೆ" ಅನ್ನೋರು. ಮಾಡಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಹೆಚ್ಚೆಂದರೆ 50 ರೂಪಾಯಿ ದಂಡ. ಪಾರ್ಕಿಂಗ್‌ಗೆ ಅದಕ್ಕಿಂತ ಜಾಸ್ತಿ ಕೊಡ್ತೀವಿ ಅಲ್ವಾ?

ಇಂಗ್ಲೆಂಡಿನಲ್ಲಿ 2006ರ ಕಾಯ್ದೆ ಪ್ರಕಾರ ಚಂದಕ್ಕೆ ಅಂತ ಬಾಲ ಕತ್ತರಿಸಿದರೆ ಅಪರಾಧ, 2021ರಿಂದ 5 ವರ್ಷದವರೆಗೂ ಜೈಲು. ಕತ್ತರಿಸಿದ ಡಾಕ್ಟರನ್ನೂ ಬಿಡೋದಿಲ್ಲ. ಚಿಕಿತ್ಸೆಗೆ ಅಂತ ಕತ್ತರಿಸೋದು ಬಿಟ್ಟರೆ ರಿಯಾಯಿತಿ ಕೆಲಸದ ನಾಯಿಗೆ ಮಾತ್ರ: ಪೊಲೀಸ್, ಸೈನ್ಯ, ಇಲಿ ಹಿಡಿಯೋದು, ಬೇಟೆ. ಅದೂ ಮರಿಗೆ 5 ದಿನ ದಾಟಿರಬಾರದು. ತಾಯಿನಾಯಿಯನ್ನು ಕಣ್ಣಾರೆ ನೋಡಬೇಕು, ಕೆಲಸಕ್ಕೆ ಪುರಾವೆ ನೋಡಬೇಕು, ಆಮೇಲೆ ಡಾಕ್ಟರ್ ಸಹಿ.

ಒಂದು ಬೆಳಿಗ್ಗೆ ಒಬ್ಬ ರೈತ ರಟ್ಟಿನ ಡಬ್ಬದಲ್ಲಿ ಜ್ಯಾಕ್ ರಸೆಲ್ ಅನ್ನೋ ಪುಟ್ಟ ಟೆರಿಯರ್ ತಳಿಯ ನಾಲ್ಕು ಮರಿ ತಂದ. ಮೂರು ದಿನದವು. ಕಣ್ಣು ಬಿಟ್ಟಿಲ್ಲ, ಹಳೇ ಟವೆಲ್ ಮೇಲೆ ಹಾಲಿನ ವಾಸನೆ. ತಾಯಿ ಕಾಲ ಬಳಿ ನಡುಗುತ್ತಾ ನಿಂತಿದ್ದಳು. ಕೆಲಸಕ್ಕೆ ಪುರಾವೆ ಅಂತ ಬಂದೂಕಿನ ಲೈಸೆನ್ಸ್ ತೋರಿಸಿದ. ಎಲ್ಲ ಸರಿ ಇತ್ತು. ಪೆನ್ನಿನ ಕ್ಯಾಪ್ ತೆಗೆದೆ.

ನಮ್ಮ ನರ್ಸ್ ಸುಮ್ನೆ ಬಂದು ಲೈಸೆನ್ಸಿನ ವಿಳಾಸದ ಮೇಲೆ ಬೆರಳಿಟ್ಟಳು. ಡಂಫ್ರೀಸ್ ಕಡೆಯ ಹಳ್ಳಿ. ಸ್ಕಾಟ್ಲೆಂಡ್!

ಅಲ್ಲಿ 2007ರಲ್ಲಿ ಬಾಲ ಕತ್ತರಿಸೋದನ್ನೇ ಪೂರ್ತಿ ನಿಲ್ಲಿಸಿದರು. 2017ರಲ್ಲಿ ಸ್ಪೇನಿಯಲ್ ಮತ್ತು ಬೇಟೆಯ ಕೆಲವು ತಳಿಗಳಿಗೆ ಮಾತ್ರ, ಅದೂ ಮೂರನೇ ಒಂದು ಭಾಗ ಮೀರದಂತೆ, ಬಿಟ್ಟರು. ಟೆರಿಯರ್‌ಗೆ ಇಲ್ಲ. ಕತ್ತರಿಸೋಕೆ ಅಂತ ಮರಿಯನ್ನು ಗಡಿ ದಾಟಿಸೋದೂ ಅಪರಾಧವೇ. ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಆತ ಅದನ್ನು ಮಾಡಿಯೇ ಆಗಿತ್ತು.

ಆಗಲ್ಲ ಅಂದೆ. ಆತನಿಗೆ ಸಿಟ್ಟು ಬಂತು. "ಬಿಲದೊಳಗೆ ಬಾಲ ಹರಿದುಕೊಂಡರೆ ನೀನು ಬಂದು ಹೊಲಿತೀಯಾ?" ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಬೆಳೆದ ನಾಯಿಯ ಬಾಲ ಗಾಯವಾದರೆ ಮಾಯೋದು ಕಷ್ಟ. ಆದರೆ ಬೆಂಗಳೂರಿನಲ್ಲಿ "ಬೇಡ" ಅಂದಾಗ ನಾನೊಬ್ಬಳೇ ಇದ್ದೆ, ಪಕ್ಕದ ಕ್ಲಿನಿಕ್‌ಗೆ ಹೋಗೋರು. ಇಲ್ಲಿ ನನ್ನ ಹಿಂದೆ ಒಂದು ಕಾನೂನು ನಿಂತಿತ್ತು. ಗಂಟಲು ಒಣಗಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ: "ಕಾರ್ಲೈಲ್‌ನಲ್ಲಿರೋ ನನ್ನ ತಂಗಿ ವಿಳಾಸ ಕೊಟ್ಟಿದ್ರೆ?"

"ಈ ಪ್ರಶ್ನೆ ನೀವು ನನ್ನನ್ನ ಕೇಳಬಾರದಿತ್ತು" ಅಂದೆ. ನರ್ಸ್ ಆಗಲೇ ಅದನ್ನು ಫೈಲಿಗೆ ಬರೆಯುತ್ತಿದ್ದಳು.