ತಲೆಕೆಳಗಾದ ಕುರ್ಚಿ

ಗೆಳತಿ ಮಾಡಿದ ಕುರ್ಚಿಗೆ ಯುವ ವಿನ್ಯಾಸಕರ ಪ್ರಶಸ್ತಿ ಬಂದ ದಿನ ನಾನೂ ಜೊತೆಗಿದ್ದೆ. ಕೊನೆಯ ಸುತ್ತಿಗೆ ಬಂದ ಕುರ್ಚಿಗಳನ್ನೆಲ್ಲ ಒಂದು ಹಾಲ್‌ನಲ್ಲಿ ಸಾಲಾಗಿ ಇಟ್ಟಿದ್ದರು. ಕಂಡ ಕೂಡಲೇ ಕಣ್ಣು ಸೆಳೆಯುವಂಥವು ಬೇಕಾದಷ್ಟಿದ್ದವು. ಇವಳದ್ದು ಮೊದಲ ನೋಟಕ್ಕೆ ತೀರಾ ಸಾದಾ. ತೆಳು ಕಾಲು, ಬಾಗಿದ ಬೆನ್ನು, ಮರದ್ದೇ ಬಣ್ಣ.

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಬಂದವರೇ ಕುರ್ಚಿಯನ್ನು ತಲೆಕೆಳಗು ಮಾಡಿದರು. ಅಡಿಯಲ್ಲೆಲ್ಲ ಬೆರಳಾಡಿಸಿದರು.

“ಸ್ಕ್ರೂ ಎಲ್ಲಿದೆಯಮ್ಮಾ?”

“ಇಲ್ಲ ಸಾರ್. ಎಲ್ಲ ಬೆಣೆ ಮೇಲೇ ನಿಂತಿದೆ.”

“ಕಾಲು ಮುರಿದರೆ?”

ಅವಳು ಕೊಡತಿಯಿಂದ ಒಂದು ಬೆಣೆಗೆ ಮೆಲ್ಲಗೆ ತಟ್ಟಿದಳು. ಕಾಲು ಕೈಗೆ ಬಂತು. “ಇದೊಂದನ್ನೇ ಹೊಸದಾಗಿ ಮಾಡಿ ಹಾಕಿದರಾಯ್ತು” ಅಂದಳು.

ನನಗೆ ಆ ಕುರ್ಚಿಯಲ್ಲಿ ಜಾಸ್ತಿ ಇಷ್ಟ ಇದೇ. ಮರ ಸುಮ್ನೆ ಇರುವ ವಸ್ತುವಲ್ಲ. ಗಾಳಿಯಲ್ಲಿ ತೇವ ಹೆಚ್ಚಾದರೆ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಕುರ್ಚಿಯ ಕೀಲುಗಳು ಸಡಿಲಾಗಲು ಇದೂ ದೊಡ್ಡ ಕಾರಣ. ಇವಳ ಕುರ್ಚಿ ಸಡಿಲಾದರೆ ಬೆಣೆಗೆ ಒಂದೇಟು ಕೊಟ್ಟರೆ ಸಾಕು, ಮತ್ತೆ ಬಿಗಿಯಾಗುತ್ತದೆ. ಬೆಣೆ ಹಳೆಯ ಉಪಾಯ. ಅದನ್ನು ಇಷ್ಟು ತೆಳುವಾದ, ಇಂದಿನ ಕುರ್ಚಿಗೆ ಒಗ್ಗಿಸಿದ್ದು ಹೊಸದು.

ಬೆನ್ನಿನ ಕಥೆ ಇನ್ನೂ ಕಷ್ಟದ್ದು. ತೆಳುವಾದ ಮರದ ಪದರಗಳಿಗೆ ಅಂಟು ಹಚ್ಚಿ, ಬಾಗಿದ ಅಚ್ಚಿನ ಮೇಲಿಟ್ಟು, ಕ್ಲ್ಯಾಂಪ್ ಬಿಗಿದು ಒಣಗಲು ಬಿಡಬೇಕು. ಬಿಚ್ಚಿದ ಮೇಲೆ ಮರ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಎಷ್ಟು ಅನ್ನೋದು ಮರದ ಜಾತಿ, ಪದರದ ದಪ್ಪ, ಅಂಟು ಎಲ್ಲದರ ಮೇಲೂ ನಿಂತಿದೆ. ಅದಕ್ಕೇ ಅಚ್ಚನ್ನು ಬೇಕಾದ್ದಕ್ಕಿಂತ ತುಸು ಹೆಚ್ಚು ಬಾಗಿಸಿ ಮಾಡಬೇಕು. ಆ ‘ತುಸು’ ಸಿಗುವ ತನಕ ಅವಳು ಅಚ್ಚು ಮಾಡಿ, ಒಡೆದು, ಮತ್ತೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮರ ಬಾಗಿಸಿ ಕುರ್ಚಿ ಮಾಡುವುದಕ್ಕೆ ಹೆಸರಾದ ಯುರೋಪಿನ ತಯಾರಕ ಥೋನೆಟ್‌ನ ಹೆಸರು ಅವಳ ಬಾಯಲ್ಲಿ ಆಗಾಗ ಬರುತ್ತದೆ. ಆತ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಗೆ ಇದ್ದದ್ದು ಆರೇ ಮರದ ತುಂಡು, 10 ಸ್ಕ್ರೂ, ಎರಡು ನಟ್. ಬೀಚ್ ಎಂಬ ಯುರೋಪಿನ ಮರವನ್ನು ಹಬೆಯಲ್ಲಿ ಮೆದು ಮಾಡಿ ಬಾಗಿಸುತ್ತಿದ್ದರು. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. ಇಪ್ಪತ್ತನೇ ಶತಮಾನದ ವಿನ್ಯಾಸಕ ಮಾರ್ಸೆಲ್ ಬ್ರೂಯರ್ ಸೈಕಲ್ ಹ್ಯಾಂಡಲ್ ನೋಡಿ ಉಕ್ಕಿನ ಕೊಳವೆಯ ಕುರ್ಚಿಗೆ ಕೈಹಾಕಿದಾಗ ಅವನಿಗೂ ಇಪ್ಪತ್ತಮೂರರ ಆಸುಪಾಸಿನ ವಯಸ್ಸೇ. ಇಬ್ಬರೂ ಆಕಾರಕ್ಕೆ ಮೊದಲು ಮಾಡುವ ದಾರಿಯನ್ನೇ ಬದಲಿಸಿದವರು, ಅಲ್ವಾ? ಇವಳನ್ನೂ ಆ ಸಾಲಿನ ಕಿರಿಯಳು ಅಂತ ಹೇಳಲು ನನಗೆ ಸಂಕೋಚವಿಲ್ಲ.

ಹೆಸರು ಕೂಗಿದರು, ವೇದಿಕೆಗೆ ಹೋದಳು, ಫಲಕ ತಗೊಂಡು ಬಂದಳು. ಆಮೇಲೆ ಜನ ಕುರ್ಚಿಯ ಹತ್ತಿರ ಬಂದು ಫೋಟೋ ತೆಗೆಯತೊಡಗಿದರು. ಅವಳು ಎಲ್ಲರಿಗೂ ಒಂದೇ ಮಾತು ಹೇಳಿದಳು: “ಕೂತು ನೋಡಿ.” ಪ್ರಶಸ್ತಿಯ ಕುರ್ಚಿ ಅಂತ ಕೆಲವರು ಹಿಂಜರಿದರು. ಬಲವಂತ ಮಾಡಿ ಕೂರಿಸಿದಳು. ಕುಳ್ಳಗಿನ ಹೆಂಗಸೊಬ್ಬರು ಕೂತಾಗ ಹಿಮ್ಮಡಿ ನೆಲಕ್ಕೆ ಮುಟ್ಟಲಿಲ್ಲ. “ತೊಡೆ ಕೆಳಗೆ ಒತ್ತುತ್ತೆ ಕಣಮ್ಮಾ” ಅಂದರು.

ಕೂರುವ ಹಲಗೆ 45 ಸೆಂಟಿಮೀಟರ್ ಎತ್ತರದಲ್ಲಿತ್ತು. ಫಲಕವನ್ನು ನನ್ನ ಕೈಗೆ ಕೊಟ್ಟು, ಟೇಪ್ ತೆಗೆದು ಅವರ ಮೊಣಕಾಲಿನ ಎತ್ತರ ಅಳೆದಳು. “ಮುಂದಿನದ್ದಕ್ಕೆ ಎರಡು ಅಳತೆಯ ಕಾಲು ಮಾಡ್ತೀನಿ. ಹೇಗಿದ್ರೂ ಬಿಚ್ಚಿ ಹಾಕೋದೇ ತಾನೆ” ಅಂದಳು.