ಯಂತ್ರದ ಕೈ, ಆಯಿಯ ಹೆಗಲು

ಶಿರಸಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಆಯಿ ಗರ್ಭಕೋಶ ತೆಗೆಸಿಕೊಂಡು ಇಪ್ಪತ್ತು ವರ್ಷಗಳೇ ಆಗಿದ್ದವು. ಹಾಗಿದ್ದೂ ಒಳಗಿನದೇನೋ ಕೆಳಗಿಳಿದು ಬರುತ್ತಿದೆ ಎಂಬುದನ್ನು ನಾಲ್ಕು ವರ್ಷ ಯಾರಿಗೂ ಹೇಳದೆ, ಬಾವಿಯಿಂದ ಕೊಡ ಹೊರುತ್ತ, ಕೊಯ್ಲಿನ ದಿನಗಳಲ್ಲಿ ರಾತ್ರಿಯವರೆಗೂ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತ ಆಕೆ ಕಳೆದಿದ್ದಳು. ಗರ್ಭಕೋಶ ತೆಗೆದ ಮೇಲೆ ಯೋನಿಯ ಮೇಲ್ತುದಿಯೇ ಆಧಾರ ಸಡಿಲಿ ಜಾರಬಹುದೆಂದು ನನಗೂ ತಿಳಿದಿರಲಿಲ್ಲ.

ಅಂತಹ ಚಿಕಿತ್ಸೆಗೆ ಜಿಲ್ಲೆಯ ಗಡಿ ದಾಟದೆ ನಮಗೆ ದಾರಿಯಿರಲಿಲ್ಲ. ದೇವಿಮನೆ ಘಟ್ಟವಿಳಿದು, ಹೊನ್ನಾವರ, ಭಟ್ಕಳಗಳನ್ನು ಹಾದು ಪಕ್ಕದ ಜಿಲ್ಲೆಯ ಆಸ್ಪತ್ರೆಗೆ ಹೋದೆವು. ಅಲ್ಲಿನ ವೈದ್ಯರು ರೋಬೋಟಿಕ್ ಶಸ್ತ್ರಚಿಕಿತ್ಸೆಯ ಮಾತೆತ್ತಿದಾಗ ಆಯಿ ನನ್ನ ಕಡೆ ತಿರುಗಿ, "ಯಂತ್ರಕ್ಕೆ ಎನ್ನ ನೋವು ಗೊತ್ತಾಗ್ತಾ ಕೂಸೇ?" ಎಂದಳು.

ವೈದ್ಯರು ನಗಲಿಲ್ಲ. ಯಂತ್ರ ತಾನಾಗಿ ಏನನ್ನೂ ಮಾಡುವುದಿಲ್ಲ, ಕೆಲವು ಅಡಿ ದೂರದಲ್ಲಿ ಕೂತ ತಮ್ಮ ಬೆರಳುಗಳ ಚಲನೆಯನ್ನೇ ಸಣ್ಣದಾಗಿಸಿ, ಕೈನಡುಕವನ್ನು ಸೋಸಿ, ಒಳಗಿನ ಉಪಕರಣಗಳಿಗೆ ದಾಟಿಸುತ್ತದೆ ಎಂದರು. ಒಳಭಾಗವು ಸುಮಾರು 10 ಪಟ್ಟು ದೊಡ್ಡದಾಗಿ, ಆಳವೂ ತಿಳಿಯುವಂತೆ ಕಾಣುತ್ತದೆ. ನೋಡುವ ಗೂಡಿನಿಂದ ಅವರು ಮುಖ ಎತ್ತಿದೊಡನೆ ಉಪಕರಣಗಳು ನಿಂತುಬಿಡುತ್ತವೆ. ಆದರೆ ತಮ್ಮಲ್ಲಿರುವ ಮಾದರಿಯಲ್ಲಿ ಅಂಗಾಂಶದ ಸ್ಪರ್ಶ ಕೈಗೆ ಸಿಗುವುದಿಲ್ಲ, ದಾರ ಎಷ್ಟು ಬಿಗಿಯಾಯಿತೆಂಬುದನ್ನು ಕಣ್ಣಿನಿಂದಲೇ ಅಂದಾಜಿಸಬೇಕು ಎಂದೂ ಒಪ್ಪಿಕೊಂಡರು. ಆ ಒಪ್ಪಿಗೆಯಿಂದಲೇ ನನಗೆ ಧೈರ್ಯ ಬಂತು.

ಜಾರಿದ ಭಾಗಕ್ಕೆ ಆಧಾರವಾಗಿ ಒಳಗೆ ಕೂರಿಸುವ ಜಾಲರಿಯ ಹೆಸರು ಕೇಳಿ, ಅದರ ಮಾರಾಟವನ್ನೇ ನಿಲ್ಲಿಸಿದ್ದಾರಲ್ಲ ಎಂದು ನನ್ನ ತಮ್ಮ ಗಾಬರಿಗೊಂಡಿದ್ದ. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮಾರಾಟ ನಿಲ್ಲಿಸಿದ್ದು ಅಂಗ ಜಾರಿದ್ದಕ್ಕೆ ಯೋನಿಯ ಮೂಲಕ ಕೂರಿಸುವ ಜಾಲರಿಯನ್ನು. ಆಯಿಗೆ ಮಾಡುವುದು ಹೊಟ್ಟೆಯ ಕಡೆಯಿಂದ, ಯೋನಿಯ ತುದಿಯನ್ನು ಬೆನ್ನುಮೂಳೆಯ ಕೆಳಭಾಗದ ತ್ರಿಕಾಸ್ಥಿಯ ಮುಂಭಾಗಕ್ಕೆ ಜಾಲರಿಯಿಂದ ಬಿಗಿಯುವ ಕ್ರಮ ಎಂದು ವೈದ್ಯರು ಬಿಡಿಸಿ ಹೇಳಿದರು. ಇದೇ ಕೆಲಸವನ್ನು ಸಣ್ಣ ರಂಧ್ರಗಳ ಮೂಲಕ ವೈದ್ಯರೇ ಉಪಕರಣ ಹಿಡಿದು ಮಾಡುವ ಸಾಮಾನ್ಯ ಲ್ಯಾಪರೋಸ್ಕೋಪಿಯಿಂದಲೂ ಮಾಡಬಹುದೆಂಬುದು ಮಾತ್ರ ಆಸ್ಪತ್ರೆಯ ಹೊಳಪಿನ ಕರಪತ್ರದಲ್ಲಿರಲಿಲ್ಲ. ಎರಡನ್ನೂ ಹೋಲಿಸಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಬೋಟಿಗೆ ಸಮಯವೂ ಖರ್ಚೂ ಹೆಚ್ಚು ತಗುಲಿತ್ತು, ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗಿತ್ತು ಎಂಬುದನ್ನು ನಾನು ಓದಿದ್ದು ಬಿಲ್ಲು ಕಟ್ಟಿಯಾದ ಮೇಲೆ. ಆಳದಲ್ಲಿ ಹೊಲಿಗೆ ಹಾಕುವಾಗ ಮಣಿಕಟ್ಟಿನಂತೆ ತಿರುಗುವ ಉಪಕರಣ ತಮಗೆ ಹೆಚ್ಚು ಒಗ್ಗಿದೆ ಎಂಬುದು ವೈದ್ಯರ ಉತ್ತರವಾಗಿತ್ತು. ಅದನ್ನು ನಾನು ಅಲ್ಲಗಳೆಯಲಾರೆ. ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಸಂಜೆ ಎಚ್ಚರಗೊಂಡ ಆಯಿ, ಹೊಟ್ಟೆಗಿಂತ ಹೆಗಲೇ ನೋಯುತ್ತಿದೆ ಎಂದು ದೂರಿದಳು. ಹೊಟ್ಟೆಯನ್ನು ಉಬ್ಬಿಸಲು ತುಂಬಿದ್ದ ಇಂಗಾಲದ ಡೈಆಕ್ಸೈಡ್ ಎದೆ, ಹೊಟ್ಟೆಗಳ ನಡುವಿನ ಪರದೆಯಂಥ ವಪೆಯನ್ನು ಕೆರಳಿಸಿದಾಗ ನೋವು ಹೆಗಲಲ್ಲಿ ಕಾಣಿಸಿಕೊಳ್ಳುತ್ತದೆಂದು ನರ್ಸ್ ತಿಳಿಸಿದರೂ, ಯಂತ್ರ ತನ್ನ ಹೆಗಲನ್ನೇ ಹಿಡಿದೆಳೆದಿರಬೇಕು ಎಂಬ ಆಯಿಯ ಅನುಮಾನ ಎರಡು ದಿನ ಹೋಗಲಿಲ್ಲ.

ಊರಿಗೆ ಮರಳಿದ ವಾರ ನೋಡಲು ಬಂದ ಪಕ್ಕದ ಮನೆಯ ಚಿಕ್ಕಮ್ಮ ಜಗಲಿಯಲ್ಲಿ ಎಲ್ಲರೆದುರು ಯಂತ್ರದ ಬಗ್ಗೆಯೇ ಕೇಳಿದರು: ಎಷ್ಟು ಕೈಗಳಿವೆ, ಕರೆಂಟು ಹೋದರೆ ಏನು ಗತಿ. ಹೊರಡುವಾಗ ಅಂಗಳದ ತುದಿಯವರೆಗೆ ನನ್ನನ್ನು ಕರೆದೊಯ್ದು, ದೂರದ ಸಂಬಂಧಿಯೊಬ್ಬಳಿಗೆ ಬೇಕಾಗಿದೆಯೆಂದು ವೈದ್ಯರ ನಂಬರು ಕೇಳಿದರು. ಯಾರಿಗೆ ಎಂದು ವಿಚಾರಿಸದೆ ಬರೆದುಕೊಟ್ಟೆ.